ನಿನ್ನ ಪಾಲಿನ ಅರ್ಧ ಎತ್ತು

ಗೆಳೆಯಾ,

ಫೋನ್ ಮಾಡೋಣ ಅಂತ ಎರಡು ಸಲ ನಂಬರ್ ಒತ್ತಿ ನಿಲ್ಲಿಸಿದೆ. ನಮ್ಮ ಎತ್ತು ಬೆಳ್ಳ ಹೋದ. ಕಳೆದ ಮಂಗಳವಾರ, ಬೆಳಗಿನ ಜಾವ. ಅರ್ಧ ದುಡ್ಡು ನಿನ್ನದಲ್ವಾ, ಲೆಕ್ಕ ಒಪ್ಪಿಸಬೇಕು ಅನ್ನಿಸಿತು.

2014ರ ಸಂಕ್ರಾಂತಿ ಹೊತ್ತು, ಚುಂಚನಕಟ್ಟೆ ದನಗಳ ಜಾತ್ರೆ. ನಾವು ಹೋಗಿದ್ದು ಸುಮ್ನೆ ನೋಡೋಕೆ. ಶಾಮಿಯಾನದ ಕೆಳಗೆ, ಕೊಂಬಿಗೆ ಎಣ್ಣೆ ಹಚ್ಚಿ ನಿಲ್ಲಿಸಿದ ಹಳ್ಳಿಕಾರ್ ಜೋಡಿಗಳು. ಎಲ್ಲಾ ಲಕ್ಷದ ಮಾತು. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದರು. ಅವರನ್ನೆಲ್ಲ ದಾಟಿ ಹೊಳೆ ಕಡೆ ಹೋದರೆ ಇವನು ಒಬ್ಬನೇ ನಿಂತಿದ್ದ. ಜೊತೆಯ ಎತ್ತು ಸತ್ತಿತ್ತಂತೆ. ಒಂಟಿ ಎತ್ತನ್ನು ಉಳುಮೆಗೆ ಯಾರು ಕೊಳ್ಳುತ್ತಾರೆ? ಇಂಥ ಮುದಿ ಎತ್ತಿಗೆ ಸರಿಜೋಡಿ ಹುಡುಕುವಷ್ಟರಲ್ಲಿ ಬಾಡಿಗೆ ಟಿಲ್ಲರ್ ಬಂದು ಹೊಲ ಮುಗಿಸಿ ಹೋಗಿರುತ್ತೆ. ಕೇಳಲು ಬಂದವರು ಇವನ ಹಲ್ಲು ನೋಡಲಿಲ್ಲ, ತೊಡೆ ಮುಟ್ಟಿ ನೋಡುತ್ತಿದ್ದರು. ಯಾಕೆ ಅಂತ ನಿನಗೆ ಸ್ವಲ್ಪ ತಡವಾಗಿ ಹೊಳೆಯಿತು. 'ನಿನಗೇನು ತಲೆ ಕೆಟ್ಟಿದೆಯಾ' ಅಂತ ನನ್ನನ್ನು ಬೈದವನು, ಆಮೇಲೆ ನೀನೇ ಜೇಬಿಗೆ ಕೈ ಹಾಕಿದೆ.

ಮನೆಗೆ ತಂದ ದಿನ ಅಪ್ಪ ಬಾಯಿ ಬಿಡಿಸಿ ನೋಡಿದರು. ದನಕ್ಕೆ ಮುಂದಿನ ಹಲ್ಲು ಕೆಳಗೆ ಮಾತ್ರ, ಎಂಟು. ಎಂಟೂ ಬಂದರೆ ಬಾಯಿಗೂಡಿತು ಅನ್ನುತ್ತಾರೆ. ಅಲ್ಲಿಂದ ಮುಂದೆ ಸವೆತ ನೋಡಿ ವಯಸ್ಸು ಊಹಿಸಬೇಕು. 'ಬಾಯಿಗೂಡಿ ಯಾವ ಕಾಲವಾಯ್ತೋ! ಹತ್ತಕ್ಕೆ ಕಮ್ಮಿ ಇಲ್ಲ' ಅಂದರು. ಆ ಲೆಕ್ಕದಲ್ಲಿ ಹೋಗುವಾಗ ಇಪ್ಪತ್ತು ದಾಟಿದ್ದ.

ಒಂದು ವಿಷಯ ನಿನಗೆ ಹೇಳಿರಲೇ ಇಲ್ಲ. ಅವನು ಬಲಗೋಲಿನ ಎತ್ತು. ನೊಗದ ಬಲಗಡೆಯೇ ಆಯಸ್ಸು ಕಳೆದವನು. ನಮ್ಮಲ್ಲಿ ಅವನ ಹೆಗಲಿಗೆ ಒಂದು ದಿನವೂ ನೊಗ ಇಡಲಿಲ್ಲ. ಕತ್ತಿನ ಗಡ್ಡೆ ಮೆತ್ತಗಾಗಿ ಅಲ್ಲಿ ಕೂದಲು ಕೂಡ ಬಂತು. ಆದರೂ ಕೊಟ್ಟಿಗೆಯಲ್ಲಿ ಬಲಕ್ಕೆ ಒತ್ತಿಕೊಂಡೇ ನಿಲ್ಲುತ್ತಿದ್ದ. ಎಡಗಡೆ ಒಂದು ಎತ್ತು ನಿಲ್ಲುವಷ್ಟು ಜಾಗ ಖಾಲಿ. ಹೊಲಕ್ಕೆ ಹೊಡೆದುಕೊಂಡು ಹೋದರೂ ಹಾಗೇ, ದಾರಿಯ ಬಲ ಅಂಚು. ಬರುಬರುತ್ತಾ ನಾನು ಅವನ ಎಡಕ್ಕೆ ನಡೆಯೋದು ರೂಢಿಯಾಯಿತು. ಊರವರು ನಗುತ್ತಿದ್ದರು, 'ಜೋಡಿ ಸರಿಯಾಗಿದೆ' ಅಂತ.

ಕಿಚ್ಚು ಹಾಯಿಸುವಾಗ ಮಾತ್ರ ಮಾನ ಕಳೆಯುತ್ತಿದ್ದ. ಉಳಿದ ದನ ಎಗರಿ ಹೋದರೆ ಇವನು ಬೆಂಕಿಯನ್ನು ಸುತ್ತಿಕೊಂಡು, ನಿಧಾನಕ್ಕೆ, ಯಾವುದೋ ಕೆಲಸಕ್ಕೆ ಹೊರಟವನ ಹಾಗೆ ಆಚೆ ಬರುತ್ತಿದ್ದ.

ಎರಡು ವರ್ಷದಿಂದ ರಾಗಿ ಹುಲ್ಲು ಅಗಿಯಲು ಆಗುತ್ತಿರಲಿಲ್ಲ. ದವಡೆ ಹಲ್ಲು ಸವೆದು, ಅರ್ಧ ಅಗಿದ ಹುಲ್ಲು ಉಂಡೆಯಾಗಿ ಬಾಯಿಂದ ಬೀಳುತ್ತಿತ್ತು. ಅಮ್ಮ ರಾತ್ರಿ ಹುರುಳಿ ನೆನೆಹಾಕಿ ಬೆಳಗ್ಗೆ ಮೆತ್ತಗೆ ಬೇಯಿಸಿ, ಬೂಸಾ ಕಲಸಿ ಇಡುತ್ತಿದ್ದಳು. ನನ್ನ ಕಾಫಿ ಅದಾದ ಮೇಲೆ.

ಆಷಾಢದ ಜಡಿ ಮಳೆಯಲ್ಲಿ, ಶುಕ್ರವಾರ, ಕೊಟ್ಟಿಗೆ ಬಾಗಿಲಲ್ಲೇ ಹಿಂಗಾಲು ಜಾರಿ ಬಿದ್ದ. ಆರು ಜನ ಸೇರಿ ಎತ್ತಿದರೂ ನಿಲ್ಲಲಿಲ್ಲ. ಅಷ್ಟು ಭಾರದ ಪ್ರಾಣಿ ಒಂದೇ ಮಗ್ಗುಲಲ್ಲಿ ಮಲಗಿದರೆ ಅದರ ಮೈಯೇ ಅದಕ್ಕೆ ಶತ್ರು. ಹೊಟ್ಟೆ ಉಬ್ಬುತ್ತದೆ, ಕೆಳಗಾದ ಕಾಲಿಗೆ ರಕ್ತ ಓಡಾಡದೆ ಮಾಂಸಖಂಡ ಸಾಯುತ್ತದೆ. ಚೀಲಕ್ಕೆ ಹುಲ್ಲು ತುಂಬಿ ಆನಿಸಿ ಕೂರಿಸಿದೆವು. ಮೂರು ಗಂಟೆಗೊಮ್ಮೆ ಹಗ್ಗ ಹಾಕಿ ಮಗ್ಗುಲು ಬದಲಿಸಿದೆವು, ರಾತ್ರಿಯೂ. ಬಲಕ್ಕೆ ಹೊರಳಿಸಿದರೆ ಸುಮ್ಮನಿರುತ್ತಿದ್ದ, ಎಡಕ್ಕೆ ಹೊರಳಿಸಿದರೆ ನರಳುತ್ತಿದ್ದ.

ಸೋಮವಾರ ಡಾಕ್ಟರು ಬಂದು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. 'ಇನ್ನು ಏಳಲ್ಲ. ನೀವು ಹ್ಞೂಂ ಅಂದರೆ ಇಂಜೆಕ್ಷನ್ ಕೊಟ್ಟು ಕಳಿಸಿಬಿಡೋಣ' ಅಂದರು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು 'ನಾಳೆ ಬನ್ನಿ' ಅಂದೆ.

ನಿನಗೆ ಹೇಳಬೇಕಾಗಿದ್ದು ಇದೇ ಕಣೋ. ಆ ಒಂದು ರಾತ್ರಿ ನನಗೆ ಬೇಕಿತ್ತು, ಅವನಿಗೆ ಬೇಕಿರಲಿಲ್ಲ. ಹಲ್ಲು ಕಡಿಯುತ್ತಾ, ಉಸಿರು ಎಳೆಯುತ್ತಾ ಇಡೀ ರಾತ್ರಿ ಕಳೆದ. ನಾನು ಎಡಗಡೆ ಕೂತಿದ್ದೆ. ತಲೆ ನನ್ನ ತೊಡೆ ಮೇಲಿತ್ತು, ಅದರ ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ನಾಲ್ಕೂವರೆ ಇರಬೇಕು, ಉಸಿರು ನಿಂತಿತು. ಎಲ್ಲರೂ 'ಪುಣ್ಯವಂತ, ತಾನಾಗೇ ಹೋದ' ಅನ್ನುತ್ತಾರೆ. ನಾನು ತಲೆ ಆಡಿಸುತ್ತೇನೆ. ನೀನಾಗಿದ್ದರೆ ಸೋಮವಾರವೇ ಹ್ಞೂಂ ಅನ್ನುತ್ತಿದ್ದೆ, ಅಲ್ವಾ?

ತೆಂಗಿನ ತೋಟದ ಅಂಚಿಗೆ ಜೆಸಿಬಿ ತರಿಸಿದೆವು. ಮಳೆಗೆ ಮಣ್ಣು ಕುಸಿದು ಗುಂಡಿ ಅಳತೆಗಿಂತ ಜಾಸ್ತಿ ಅಗಲವಾಯಿತು. ಡ್ರೈವರ್ ಒಂದು ಕಡೆ ಮುಚ್ಚಲಾ ಅಂತ ಕೇಳಿದ. 'ಇರಲಿ ಬಿಡಪ್ಪ, ಅವನಿಗೆ ಪಕ್ಕದಲ್ಲಿ ಜಾಗ ಬಿಟ್ಟು ಅಭ್ಯಾಸ' ಅಂದರು ಅಪ್ಪ. ಸುಣ್ಣ, ಉಪ್ಪು ಸುರಿದು ಮುಚ್ಚಿದೆವು. ಮೂಗುದಾರ ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದೇನೆ.

ಸೋಮವಾರ ರಾತ್ರಿ ಅಮ್ಮ ಕೈ ಅಭ್ಯಾಸಕ್ಕೆ ಹುರುಳಿ ನೆನೆಹಾಕಿದ್ದಳು. ಗಲಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ. ಬುಧವಾರ ನೋಡಿದರೆ ಬಿಳಿ ಮೊಳಕೆ ಬಂದಿತ್ತು. ಎಸೆಯಲು ಮನಸ್ಸಾಗದೆ ಸಾರು ಮಾಡಿದಳು. ಉಪ್ಪು ಜಾಸ್ತಿಯಾಗಿತ್ತು. ಮೂವರೂ ಏನೂ ಹೇಳದೆ ಊಟ ಮುಗಿಸಿದೆವು.

ಬಿಡುವಾದಾಗ ಬಾ.

ನಿನ್ನ ಗೆಳೆಯ