ಅವ್ವ, ಅಜ್ಜಿ, ಸೂಲಗಿತ್ತಿಗೂ ಒಂದು ಮೂರ್ತಿ: ಕಿನ್ನಾಳದ ಕಲಾವಿದರ ಕೆಲಸಕ್ಕೆ ನೆರವಾಗಿ

ಆತ್ಮೀಯರೇ,

ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆತಲಾಂತರದಿಂದ ಮರದ ಗೊಂಬೆ, ದೇವರ ಮೂರ್ತಿ ಮಾಡುತ್ತಾ ಬಂದಿವೆ. ದ್ಯಾಮವ್ವ, ದುರ್ಗವ್ವ, ಗೌರಿ, ಗರುಡ, ಕಾಮಧೇನು ಎಲ್ಲವೂ ಅವರ ಕೈಯಲ್ಲಿ ಅರಳಿದವು. ಇದು ಈ ಊರಿನದೇ ಕಲೆ ಅಂತ ಗುರುತಿಸುವ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆಯೂ ಇದಕ್ಕಿದೆ. ಅಂಥ ಒಂದು ಮನೆಯ ಕಲಾವಿದರು ಈಗ ತಮ್ಮನ್ನು ಬೆಳೆಸಿದ ಏಳು ಹೆಂಗಸರ ಮೂರ್ತಿ ಮಾಡುತ್ತಿದ್ದಾರೆ. ಅಜ್ಜಿ, ಅವ್ವ, ಅಕ್ಕ, ಹೆಂಡತಿ, ಊರಿನ ಸೂಲಗಿತ್ತಿ, ಒಂದನೇ ಕ್ಲಾಸಿನ ಟೀಚರ್, ಶಾಲೆಯಲ್ಲಿ ಅನ್ನ ಬಡಿಸಿದ ಅಡುಗೆಯಮ್ಮ. ಮೂರು ಮೂರ್ತಿ ಮುಗಿದಿವೆ. ಉಳಿದ ನಾಲ್ಕಕ್ಕೆ ದುಡ್ಡಿಲ್ಲ.

ನಾವು ಈ ಭಾಗದ ಒಂದು ಸರ್ಕಾರಿ ಶಾಲೆಯ ಹಳೆ ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡ ಸಣ್ಣ ಟ್ರಸ್ಟ್. ಆ ಕಲಾವಿದರೂ ಇದೇ ಶಾಲೆಯಲ್ಲಿ ಓದಿದವರು. ಅವರ ಪರವಾಗಿ ನಿಮ್ಮ ಮುಂದೆ ಕೈ ಚಾಚುತ್ತಿದ್ದೇವೆ.

ದೇವಿ ಮೂರ್ತಿಗೆ ಗಿರಾಕಿ ಇದ್ದಾರೆ. ಜಾತ್ರೆ ಹತ್ತಿರ ಬಂದರೆ ಊರವರೇ ಬಂದು ಮುಂಗಡ ಕೊಟ್ಟು ಹೋಗುತ್ತಾರೆ. ಕಾಮಧೇನು ಮನೆಯ ಶೋಕೇಸಿಗೆ ಹೋಗುತ್ತದೆ. ಆದರೆ ಬೇರೆಯವರ ಅಜ್ಜಿಯ ಮೂರ್ತಿಯನ್ನು ಯಾರು ಕೊಳ್ಳುತ್ತಾರೆ? ಮಾರಾಟಕ್ಕೆ ಇಡುವ ಮನಸ್ಸು ಕಲಾವಿದರಿಗೂ ಇಲ್ಲ. ಆರ್ಡರ್ ಕೆಲಸ ಬಂದಾಗೆಲ್ಲ ಈ ಕೆಲಸ ನಿಲ್ಲುತ್ತದೆ, ಮನೆ ನಡೀಬೇಕಲ್ವಾ. ಹೀಗೇ ಬಿಟ್ಟರೆ ಇವು ಅರ್ಧಕ್ಕೇ ನಿಂತುಬಿಡುತ್ತವೆ ಅನ್ನುವುದೇ ನಮ್ಮ ಚಿಂತೆ.

ಕಿನ್ನಾಳದ ಕೆಲಸ ಎಷ್ಟು ನಿಧಾನದ್ದು ಅಂತ ನೋಡಿದವರಿಗೇ ಗೊತ್ತು. ಮೊದಲು ಹಗುರವಾದ ಮೆತ್ತನೆ ಮರದಲ್ಲಿ ತಲೆ, ಕೈ, ಮೈ ಬೇರೆ ಬೇರೆ ಕೆತ್ತಿ ಜೋಡಿಸುತ್ತಾರೆ. ಆಮೇಲೆ ಕಿಟ್ಟ ಮೆತ್ತಬೇಕು. ಹುಣಸೆ ಬೀಜ ನೆನೆಸಿ ಅರೆದ ಅಂಟಿಗೆ ಮರದ ಹೊಟ್ಟು, ನೆನೆಸಿ ಒಣಗಿಸಿ ಪುಡಿ ಮಾಡಿದ ಗೋಣಿನಾರು ಸೇರಿಸಿದರೆ ಕಿಟ್ಟ. ಅದನ್ನು ಕೈಯಲ್ಲೇ ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಅಂಟಿಸುತ್ತಾರೆ. ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ. ಪ್ರತಿ ಪದರವೂ ಪೂರ್ತಿ ಒಣಗಬೇಕು. ಅವಸರ ಮಾಡಿದರೆ ಬಣ್ಣ ಬಿರುಕು ಬಿಡುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ.

ದೇವಿಗಾದರೆ ಅದೇ ಕಲ್ಲುಪುಡಿ ಮತ್ತು ಅಂಟಿನಲ್ಲಿ ಉಬ್ಬಿದ ಒಡವೆಗಳನ್ನು ಬಿಡಿಸಿ ಬಂಗಾರದ ಬಣ್ಣ ಕೊಡುತ್ತಾರೆ. ಅಜ್ಜಿಗೆ ಒಡವೆ ಎಲ್ಲಿಂದ ಬರಬೇಕು? ಒಂದು ಮೂಗುಬೊಟ್ಟು, ಕೈತುಂಬ ಗಾಜಿನ ಬಳೆ, ಮುಂಗೈ ಮೇಲೆ ಹಚ್ಚೆ. ದೇವರ ಕಿರೀಟಕ್ಕೆ ಹಾಕುವಷ್ಟೇ ಶ್ರದ್ಧೆ ಹಾಕಿ ಅವರು ಆ ಹಚ್ಚೆಯ ಒಂದೊಂದು ಚುಕ್ಕಿಯನ್ನೂ ಉಬ್ಬಿಸಿ ಕೂರಿಸಿದ್ದಾರೆ. ಅಜ್ಜಿಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಅವ್ವ, ಅಕ್ಕ ಇಬ್ಬರೂ ಪಕ್ಕದಲ್ಲಿ ಕೂತು ಹೇಳಿ ಹೇಳಿ ಆ ಮುಖ ತಿದ್ದಿಸಿದರು. ಗಲ್ಲದ ಗುಳಿ ಎಡಕ್ಕೋ ಬಲಕ್ಕೋ ಅಂತ ಅವರಲ್ಲೇ ವಾದ ನಡೆಯಿತಂತೆ!

ಅವ್ವನ ಮೂರ್ತಿ ಕೂತು ಹುಣಸೆ ಬೀಜ ಅರೆಯುತ್ತಿದೆ. ಉಟ್ಟಿರುವುದು ಇಳಕಲ್ ಸೀರೆ, ಕೆಂಪು ಸೆರಗು. ಈ ಮನೆಯಿಂದ ಹೊರಟ ಎಷ್ಟೋ ದೇವರ ಮೈಗೆ ಹತ್ತಿದ ಕಿಟ್ಟ ಅರೆದದ್ದು ಇದೇ ಅವ್ವ. ಮೂರ್ತಿ ಒಯ್ಯಲು ಬಂದವರು ಅವರ ಹೆಸರು ಕೇಳಿದ್ದಿಲ್ಲ. ‘ನನ್ನ ಗೊಂಬಿ ಯಾರ್ ನೋಡ್ತಾರ, ದೇವ್ರನ್ನ ಮಾಡಪಾ’ ಅಂತ ಈಗಲೂ ಮಗನಿಗೆ ಬೈಯುತ್ತಾರೆ.

ಯಾರು ನೋಡುತ್ತಾರೆ ಅನ್ನುವ ಮಾತಿಗೆ ನಮಗೆ ನೆನಪಾಗುವುದು ಶ್ರವಣಬೆಳಗೊಳ. ಚಾವುಂಡರಾಯ ಗೊಮ್ಮಟನನ್ನು ಮಾಡಿಸಲು ಹೊರಟಿದ್ದೇ ತಾಯಿ ಕಾಳಲದೇವಿಯ ಆಸೆಗಾಗಿ ಅಂತ ಕಥೆ ಹೇಳುತ್ತದೆ. ಕೊಡ ಕೊಡ ಹಾಲು ಸುರಿದರೂ ಅಭಿಷೇಕ ಗೊಮ್ಮಟನ ಪಾದ ಮುಟ್ಟಲಿಲ್ಲವಂತೆ. ಕೊನೆಗೆ ಒಬ್ಬ ಬಡ ಮುದುಕಿ ಗುಳ್ಳಕಾಯಿಯ (ಬದನೆ ಜಾತಿಯ ಪುಟ್ಟ ಕಾಯಿ) ಚಿಪ್ಪಿನಲ್ಲಿ ತಂದ ಇಷ್ಟೇ ಇಷ್ಟು ಹಾಲು ಅವನ ಮೈಯೆಲ್ಲ ತೋಯಿಸಿತು. ಆ ಗುಳ್ಳಕಾಯಜ್ಜಿಯ ಕಲ್ಲಿನ ಮೂರ್ತಿ ಇವತ್ತಿಗೂ ಬೆಟ್ಟದ ಮೇಲೆ ಗೊಮ್ಮಟನ ಎದುರು ನಿಂತಿದೆ. ಬೆಟ್ಟ ಹತ್ತಿದ ಜನ ಅವಳನ್ನು ನೋಡದೆ ಬರುವುದಿಲ್ಲ. ನಮ್ಮ ನಾಡಿನ ಶಿಲ್ಪದಲ್ಲಿ ರಾಣಿಯರು, ಮದನಿಕೆಯರು, ದೇವಿಯರು ಬೇಕಾದಷ್ಟಿದ್ದಾರೆ. ಬರೀ ಅಜ್ಜಿಯಾಗಿ ನಿಂತವರು ತೀರಾ ಕಮ್ಮಿ. ಕಿನ್ನಾಳದಲ್ಲಿ ಇನ್ನಷ್ಟು ಜನ ನಿಲ್ಲಲಿ ಅನ್ನುವುದು ನಮ್ಮ ಆಸೆ.

ಮುಗಿದಿರುವ ಮೂರನೆಯದು ಸೂಲಗಿತ್ತಿಯದು. ಕಲಾವಿದರನ್ನು ಈ ಲೋಕಕ್ಕೆ ಎತ್ತಿಕೊಂಡ ಕೈ ಅದು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆಯಾಯಿತು. ಅಂಥ ತಾಯಂದಿರು ಊರೂರಲ್ಲೂ ಇದ್ದರು. ಹೆಚ್ಚಿನವರು ಯಾರ ಕಣ್ಣಿಗೂ ಬೀಳದೆ ಹೋಗಿಬಿಟ್ಟರು.

ಬಾಕಿ ಇರುವವರಲ್ಲಿ ಅಡುಗೆಯಮ್ಮನ ಮೂರ್ತಿ ಬೇಗ ಆಗಲಿ ಅಂತ ನಮ್ಮ ಶಾಲೆಯ ಮಕ್ಕಳು ಕಾಯುತ್ತಿದ್ದಾರೆ. 2002ರಲ್ಲಿ ನಮ್ಮ ಕಡೆ ಬಿಸಿಯೂಟ ಶುರುವಾದಾಗ ಕಲಾವಿದರಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಮಧ್ಯಾಹ್ನ ಮನೆಗೆ ಹೋದ ಮಕ್ಕಳು ಮತ್ತೆ ಶಾಲೆಗೆ ಬರದಿದ್ದ ಕಾಲ ಅದು. ಅಕ್ಕ ಮಾತ್ರ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕೂಲಿಗೆ ಹೋದರು, ತಮ್ಮ ಓದಲಿ ಅಂತ. ಅಕ್ಕನ ಮೂರ್ತಿಯ ಕೈಯಲ್ಲಿ ಒಂದು ಪಾಟಿ ಇರುತ್ತದೆ.

ಈಗ ಲೆಕ್ಕ. ಒಂದು ಮೂರ್ತಿಗೆ ಮರ, ಸಾಮಾನು, ಬಣ್ಣ, ಕಲಾವಿದರ ಮತ್ತು ಅವರಿಗೆ ಕೈಜೋಡಿಸುವ ಮನೆಯವರ ಕೂಲಿ ಸೇರಿ 45,000 ರೂಪಾಯಿ. ನಾಲ್ಕಕ್ಕೆ 1,80,000. ಏಳನ್ನೂ ಇಡಲು ಶಾಲೆಯ ಒಂದು ಹಳೆ ಕೋಣೆ ಸಿಕ್ಕಿದೆ, ಆದರೆ ಸೋರುತ್ತದೆ. ಮರಕ್ಕೆ ತೇವ, ಹುಳ ಎರಡೂ ಆಗಿಬರುವುದಿಲ್ಲ. ಸೂರು ರಿಪೇರಿ, ಗಾಜಿನ ಕಪಾಟುಗಳಿಗೆ 1,20,000. ಒಟ್ಟು ಮೂರು ಲಕ್ಷ. ಮನೆಯವರ ಕೂಲಿಯನ್ನು ಬೇಕೆಂದೇ ಸೇರಿಸಿದ್ದೇವೆ. ಅರೆಯುವ, ಉಜ್ಜುವ, ಲೇಪ ಹಚ್ಚುವ ಹೆಂಗಸರ ದುಡಿಮೆಗೆ ದುಡ್ಡು ಕೊಡದೆ ಹೆಂಗಸರ ಮೂರ್ತಿ ಮಾಡಿಸುವುದು ನಮಗೆ ಸರಿ ಕಾಣಲಿಲ್ಲ.

ನೂರು ರೂಪಾಯಿ ಕೊಟ್ಟರೂ ನಮಗೆ ದೊಡ್ಡದೇ. ಟ್ರಸ್ಟಿನ ಖಾತೆಗೆ ನೇರವಾಗಿ ಹಾಕಿ, ವೈಯಕ್ತಿಕ ಖಾತೆಗೆ ಯಾರಾದರೂ ಕೇಳಿದರೆ ಕೊಡಬೇಡಿ. ಎಲ್ಲ ದೇಣಿಗೆಗೂ ರಸೀದಿ ಕೊಡುತ್ತೇವೆ. ತೆರಿಗೆ ವಿನಾಯಿತಿ ಬೇಕಿದ್ದವರು ಎರಡು ಸಾವಿರ ದಾಟಿದ ಮೊತ್ತವನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಕಳಿಸಿ. ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ನಮಗೆ ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇಲ್ಲ. ನೀವು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಮಾತ್ರ ನಿಮ್ಮ ಹಣ ತೆಗೆದುಕೊಳ್ಳಬಹುದು. ಪೌರತ್ವ ಬದಲಾಗಿದ್ದರೆ ದಯವಿಟ್ಟು ಊರಿನಲ್ಲಿರುವ ನಿಮ್ಮವರಿಗೆ ಈ ವಿಷಯ ತಿಳಿಸಿ.

ಹಣ ಕೊಡಲು ಆಗದಿದ್ದರೆ ನಿಮ್ಮ ಮನೆಯ ಅಜ್ಜಿಯದೋ ಅವ್ವನದೋ ಒಂದು ಹಳೆ ಹತ್ತಿ ಸೀರೆ ಕಳಿಸಿ. ಅದನ್ನು ಚೂರು ಮಾಡಿ ಕಿಟ್ಟದ ಮೇಲಿನ ಬಟ್ಟೆಯ ಪದರಕ್ಕೆ ಬಳಸುತ್ತೇವೆ. ಒಗೆದು ಒಣಗಿಸಿರಬೇಕು, ಹರಿದಿದ್ದರೂ ಪರವಾಗಿಲ್ಲ. ಪಾಲಿಯೆಸ್ಟರ್ ಬೇಡ, ಹುಣಸೆ ಅಂಟು ಅದಕ್ಕೆ ಹಿಡಿಯುವುದಿಲ್ಲ. ಸೀರೆ ಯಾರದು ಅಂತ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಮೂರ್ತಿಯ ಪಕ್ಕದ ಫಲಕದಲ್ಲಿ ಆ ಹೆಸರುಗಳನ್ನೂ ಬರೆಸುತ್ತೇವೆ.