ಗುಹೆಯೂ ಅಲ್ಲ, ಟಿಪ್ಪುವಿನ ಸುರಂಗವೂ ಅಲ್ಲ, ಅದು ಶೇಡಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಬಂತೆಂದರೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸುದ್ದಿ ಬಂದೇ ಬರುತ್ತದೆ. ಇಂಥವರ ತೋಟದಲ್ಲಿ ಏಕಾಏಕಿ ಹೊಂಡ ಬಿತ್ತು, ಒಳಗೆ ನಿಗೂಢ ಗುಹೆ, ನೋಡಲು ಜನವೋ ಜನ. ಫೋಟೋದಲ್ಲಿ ಹತ್ತು ಮಂದಿ ಕೊಡೆ ಹಿಡಿದು ಬಗ್ಗಿ ನೋಡುತ್ತಿರುತ್ತಾರೆ. ಮರುದಿನ ಆ ಹೊಂಡದ ಸುದ್ದಿಯೇ ಇಲ್ಲ. ಯಾಕೆ ಬಿತ್ತು ಅಂತ ಒಂದು ಸಾಲೂ ಇಲ್ಲ.

ನಾನು ಕಾಸರಗೋಡಿನ ಪೈವಳಿಕೆ ಕಡೆಯ ಅಡಿಕೆ ಕೃಷಿಕ. ಎರಡು ವರ್ಷದ ಹಿಂದೆ ಆಟಿ ತಿಂಗಳಲ್ಲಿ ನಮ್ಮ ತೋಟದ ಮೇಲ್ಬದಿಯಲ್ಲೂ ಹೀಗೇ ಆಯಿತು. ಬೆಳಗ್ಗೆ ಹೋಗಿ ನೋಡಿದರೆ ಒಂದು ಅಡಿಕೆ ಗಿಡದ ಸೋಗೆ ಮಾತ್ರ ನೆಲದ ಮೇಲೆ ಕಾಣುತ್ತಿದೆ, ಉಳಿದದ್ದೆಲ್ಲ ಹೊಂಡದೊಳಗೆ. ಟಾರ್ಚ್ ಹಾಕಿದರೆ ಗುಡ್ಡದ ಒಳಕ್ಕೆ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ. ಮೇಲೆ ಗಟ್ಟಿ ಕೆಂಪು ಮುರಕಲ್ಲು, ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಮಣ್ಣು. ಬೆರಳಲ್ಲಿ ಒತ್ತಿದರೆ ಅರೆದ ಅಕ್ಕಿಹಿಟ್ಟಿನ ಹಾಗೆ ನುಣ್ಣಗೆ ಜಾರುತ್ತದೆ. ಸಂಜೆಯೊಳಗೆ ಯಾರೋ ಬಂದು ತೆಂಗಿನಕಾಯಿ ಒಡೆದು ಕರ್ಪೂರ ಹಚ್ಚಿ ಹೋಗಿದ್ದರು. ಇನ್ನೊಬ್ಬರು ಟಿಪ್ಪುವಿನ ಕಾಲದ ಸುರಂಗ ಅಂದರು. ನಮ್ಮಲ್ಲಿ ಕಾರಣ ಗೊತ್ತಿಲ್ಲದ ತೂತೆಲ್ಲ ಟಿಪ್ಪುವಿನ ಲೆಕ್ಕಕ್ಕೇ ಅಲ್ವಾ!

ಕಡೆಗೆ ಹೇಳಿದ್ದು ನೆರೆಮನೆಯ ಅಜ್ಜ. ಪ್ರಾಯದಲ್ಲಿ ಸುರಂಗ ತೋಡುತ್ತಿದ್ದವರು. ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆಯುವ ನಮ್ಮ ಸುರಂಗ. ಒಂದು ಪಿಕ್ಕಾಸು, ಒಂದು ಬುಟ್ಟಿ, ಒಂದು ಮೇಣದ ಬತ್ತಿ, ಬತ್ತಿ ಮಂಕಾದರೆ ಉಸಿರಾಡುವ ಗಾಳಿ ಮುಗಿಯಿತು ಅಂತ ಹೊರಗೆ ಬರುವುದು. ಅಜ್ಜ ಹೊಂಡದ ಬದಿಯ ಮಣ್ಣು ಚಿವುಟಿ ನೋಡಿ, "ಎಂತ ಗುಹೆ ಮಾರಾಯ್ರೇ, ಇದು ಶೇಡಿ ತೊಳೆದು ಹೋದದ್ದು" ಅಂದರು. ಶೇಡಿ ಅಂದರೆ ಮುರಕಲ್ಲಿನ ಅಡಿಯ ಆ ನುಣ್ಣನೆ ಮಣ್ಣು. ಅದು ಸಿಕ್ಕಿದರೆ ಅವರು ಅಲ್ಲಿಗೇ ಕೆಲಸ ನಿಲ್ಲಿಸುತ್ತಿದ್ದರಂತೆ.

ಭೂವಿಜ್ಞಾನಿಗಳು ಹೇಳುವುದೂ ಇದನ್ನೇ. ಅವರ ಹೆಸರು ಸಾಯಿಲ್ ಪೈಪಿಂಗ್. ಲಕ್ಷಾಂತರ ವರ್ಷದ ಮಳೆಗೆ ಬಂಡೆಯ ಸಿಲಿಕಾ ಕರಗಿ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದು ಮೇಲೆ ಮುರಕಲ್ಲು ಆಗುತ್ತದೆ. ಅದರ ಅಡಿಯಲ್ಲಿ ಕಲ್ಲೂ ಅಲ್ಲದ, ಸರಿಯಾದ ಮಣ್ಣೂ ಅಲ್ಲದ ಶೇಡಿ. ಮಳೆನೀರು ಬಿರುಕಿನಲ್ಲಿ ಇಳಿದು ಶೇಡಿಯನ್ನು ಸ್ವಲ್ಪ ಸ್ವಲ್ಪವೇ ಹೊತ್ತುಕೊಂಡು ಗುಡ್ಡದ ಬುಡದಲ್ಲಿ ಹೊರಗೆ ಬರುತ್ತದೆ, ಒಳಗೆ ಪೈಪಿನ ಹಾಗೆ ಟೊಳ್ಳಾಗುತ್ತದೆ, ಮೇಲಿನ ಗಟ್ಟಿ ಮುಚ್ಚಳ ತಡೆಯುವಷ್ಟು ದಿನ ತಡೆದು ಒಂದು ದಿನ ಕೆಳಗೆ ಬೀಳುತ್ತದೆ. ತಿರುವನಂತಪುರದ ರಾಷ್ಟ್ರೀಯ ಭೂವಿಜ್ಞಾನ ಅಧ್ಯಯನ ಕೇಂದ್ರದವರು ಕಾಸರಗೋಡೂ ಸೇರಿ ಕೇರಳದ ಹಲವು ಕಡೆ ಇದರ ಅಧ್ಯಯನ ಮಾಡಿದ್ದಾರೆ. ಹಾಗಿರುವಾಗ ನಿಗೂಢ ಎಂತದು?

ಇನ್ನು ನನ್ನ ತಪ್ಪು. ಆ ಹೊಂಡದ ಸರಿ ಮೇಲೆ ನಾನೇ ಎರಡು ಇಂಗುಗುಂಡಿ ತೋಡಿಸಿದ್ದೆ. ನೀರು ಇಂಗಿಸಿ, ನೀರು ಇಂಗಿಸಿ ಅಂತ ಎಲ್ಲರೂ ಹೇಳಿದರು, ಪತ್ರಿಕೆಯಲ್ಲೂ ಓದಿದ್ದೆ. ಅಡಿಯಲ್ಲಿ ಶೇಡಿ ಇರುವ ಇಳಿಜಾರಿನಲ್ಲಿ ಇಂಗಿಸಬಾರದು ಅಂತ ಮಾತ್ರ ಎಲ್ಲಿಯೂ ಓದಲಿಲ್ಲ.

ಇನ್ನೊಂದು ಮಾತು. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಜರಿಯಿತು. ಎರಡು ವಾರದಲ್ಲಿ, ಜುಲೈ 30ರ ನಸುಕಿಗೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ನೀರು, ಕೆಸರು, ಬಂಡೆ ಎಲ್ಲ ಒಟ್ಟಾಗಿ ಹೊಳೆಯ ದಾರಿ ಹಿಡಿದು ಕಿಲೋಮೀಟರುಗಟ್ಟಲೆ ಓಡಿ ಇನ್ನೂರಕ್ಕೂ ಜಾಸ್ತಿ ಜನರನ್ನು ಕೊಂಡುಹೋಯಿತು. ನಮ್ಮ ತೋಟದ್ದು ಒಳಗಿನಿಂದ ಟೊಳ್ಳಾದದ್ದು. ಮೂರೂ ಬೇರೆ ಬೇರೆ. ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಜರಿಯುವುದಾದರೆ ಮೊದಲು ಮೇಲೆ ಬಿರುಕು ಕಾಣಬಹುದು, ಗುಡ್ಡದ ತೋಡಿನ ನೀರು ಏಕಾಏಕಿ ಕೆಸರಾದರೆ ಅಥವಾ ನಿಂತೇ ಹೋದರೆ ಮೇಲೇನೋ ಆಗಿದೆ ಅಂತ ಲೆಕ್ಕ. ಪತ್ರಿಕೆಯಲ್ಲಿ ಮಾತ್ರ ಮೂರಕ್ಕೂ "ಭೂಕುಸಿತ" ಎಂಬ ಒಂದೇ ಪದ.

ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಎಂಬ ಹೆಸರು ಹುಟ್ಟಿದ್ದೂ ದೂರದಲ್ಲೇನಲ್ಲ, ಇದೇ ಕೇರಳದ ಅಂಗಡಿಪುರಂನಲ್ಲಿ. ಬ್ರಿಟಿಷರ ಕಾಲದಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ನೋಡಿ 1807ರ ತನ್ನ ಪುಸ್ತಕದಲ್ಲಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಕೊಟ್ಟ. ಈಗ ಅದೇ ಕಲ್ಲನ್ನು ಕೋರೆಯ ಮೆಷಿನ್ ದಿನಕ್ಕೆ ಲೋಡುಗಟ್ಟಲೆ ಕೊಯ್ಯುತ್ತದೆ, ಮುಚ್ಚಳ ಹೋದಲ್ಲಿ ಮಳೆ ನೇರ ಶೇಡಿಗೆ. 2024ರ ಮಾರ್ಚಿನಲ್ಲಿ ಭೂವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಿತಿಯೊಂದು, ಮನುಷ್ಯನೇ ಭೂಮಿಯನ್ನು ಬದಲಿಸುತ್ತಿರುವ ಕಾಲ ಅಂತ ಅವನ ಹೆಸರಿನಲ್ಲಿ ಆಂತ್ರೊಪೊಸೀನ್ ಎಂಬ ಹೊಸ ಯುಗ ಬೇಡ ಅಂತ ಮತ ಹಾಕಿತು. ಹಾಗಾಗಿ ಭೂವಿಜ್ಞಾನದ ಲೆಕ್ಕದಲ್ಲಿ ನಾವಿನ್ನೂ 2018ರಲ್ಲಿ ಹೆಸರಿಟ್ಟ ಮೇಘಾಲಯನ್ ಕಾಲದಲ್ಲೇ ಇದ್ದೇವೆ. ಮತ ಹಾಕುವ ಮೊದಲು ಅವರನ್ನು ನಮ್ಮ ಪದವಿಗೆ, ಅಂದರೆ ಮುರಕಲ್ಲಿನ ಬಯಲಿಗೆ, ಒಮ್ಮೆ ಕರೆದುಕೊಂಡು ಬರಬೇಕಿತ್ತು ಅಂತ ನನಗೆ ಸುಮ್ನೆ ಅನಿಸುತ್ತದೆ.

ನಾನು ಕೇಳುವುದು ಇಷ್ಟೇ. ಗಡಿನಾಡಿನವರ ಫೋನಿಗೆ ಮಳೆಯ ಎಚ್ಚರಿಕೆ ಬರುವುದು ಮಲಯಾಳದಲ್ಲಿ, ಭೂವಿಜ್ಞಾನದ ಬರಹ ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ನಮಗೆ ಸಿಗುವುದು ಕೊಡೆ ಹಿಡಿದವರ ಫೋಟೋ. ವಾರಕ್ಕೊಮ್ಮೆ ಕಾಲು ಪುಟ ಕೊಡಿ. ಭೂವಿಜ್ಞಾನ ಓದಿದವರಿಂದಲೇ ಬರೆಸಿ, ಆದರೆ ಮುರ, ಶೇಡಿ, ಬರೆ, ತೋಡು, ಪಳ್ಳ, ಮದಕ ಎಂಬ ನಮ್ಮ ಪದಗಳಲ್ಲೇ ಬರೆಸಿ. ಲಿಥೊಮಾರ್ಜ್ ಅಂತ ಬರೆದರೆ ಯಾರಿಗೆ ಗೊತ್ತಾಗುತ್ತದೆ? ಶೇಡಿ ಅಂದರೆ ಮಕ್ಕಳಿಗೂ ಗೊತ್ತು.

ಇಂಗುಗುಂಡಿ ಮುಚ್ಚಿಸಿದ್ದೇನೆ, ಮೇಲಿನ ನೀರಿಗೆ ಅಡ್ಡಕ್ಕೆ ಕಣಿ ತೋಡಿ ಆಚೆ ತೋಡಿಗೆ ಬಿಟ್ಟಿದ್ದೇನೆ. ಆದರೂ ಹೊಂಡ ಕಳೆದ ವರ್ಷಕ್ಕಿಂತ ಎರಡು ಗೇಣು ಅಗಲ ಆಗಿದೆ. ನಿಮ್ಮ ವರದಿಗಾರರು ಬರುವುದಾದರೆ ಮಳೆ ಹಿಡಿಯುವ ಮೊದಲೇ ಬರಲಿ, ಅಜ್ಜನನ್ನೂ ಕರೆಸುತ್ತೇನೆ. ಅಂಚಿಗೆ ಮಾತ್ರ ಹೋಗುವುದು ಬೇಡ.

ಇತಿ,
ಪೈವಳಿಕೆಯ ಒಬ್ಬ ಓದುಗ
ಕಾಸರಗೋಡು ಜಿಲ್ಲೆ