ನೀನು ಕಳಿಸಿದ ಡಾಕ್ಯುಮೆಂಟರಿ ನೋಡಿದೆ

ಪ್ರೀತಿಯ ಮಂಜ,

‘ನೋಡ್ಲೇಬೇಕು ಗುರೂ, ಕಣ್ ತೆರೆಸುತ್ತೆ’ ಅಂತ ಕಳಿಸಿದ್ಯಲ್ಲ, ಸ್ಟ್ಯಾಂಡಪ್ ಕಾಮಿಡಿಯವರ ಮೇಲಿನ ಆ ಅಮೆರಿಕದ ಡಾಕ್ಯುಮೆಂಟರಿ, ನಿನ್ನೆ ರಾತ್ರಿ ಊಟ ಆದಮೇಲೆ ನೋಡಿದೆ. ಕಣ್ಣು ತೆರೆಯೋದಿರಲಿ, ನಡುನಡುವೆ ಮುಚ್ಚಿಕೊಳ್ತಿತ್ತು. ನಿನ್ನ ಶಿಫಾರಸಿನ ಮೇಲಿನ ನಂಬಿಕೆ ಹಿರಿಯೂರಿನ ರಾತ್ರಿಯೇ ಹೋಗಿತ್ತು, ಆದರೂ ನೋಡಿದೆ. (ಓದ್ತಿರೋ ಉಳಿದವರು ಹಿರಿಯೂರಿನ ವಿಷಯ ಕೇಳಬೇಡಿ. ಮಂಜ ಈಗ ಇಬ್ಬರು ಮಕ್ಕಳ ತಂದೆ.)

ಹಳೇ ಕಾಲದ ಅಮೆರಿಕನ್ ಕಾಮಿಡಿಯನ್ ಲೆನ್ನಿ ಬ್ರೂಸ್ ಬರೋ ಭಾಗ ಚೆನ್ನಾಗಿದೆ, ಅದನ್ನು ಒಪ್ಕೋತೀನಿ. 1964ರಲ್ಲಿ ನ್ಯೂಯಾರ್ಕಿನ ಒಂದು ಕೆಫೆಯಲ್ಲಿ ಆಡಿದ ಮಾತು ಅಶ್ಲೀಲ ಅಂತ ಕೇಸು, ನಾಲ್ಕು ತಿಂಗಳ ಶಿಕ್ಷೆ. ಮೇಲ್ಮನವಿ ಇತ್ಯರ್ಥ ಆಗೋ ಮೊದಲೇ, 1966ರಲ್ಲಿ, 40ನೇ ವಯಸ್ಸಿಗೆ ಸತ್ತ. ಗವರ್ನರ್ ಕ್ಷಮಾದಾನ ಕೊಟ್ಟಿದ್ದು 2003ರಲ್ಲಿ! ಆ ವಿಚಾರಣೆಯಲ್ಲಿ ಲೈಸೆನ್ಸ್ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬ, ಕತ್ತಲಲ್ಲಿ ಗೀಚಿಕೊಂಡ ಟಿಪ್ಪಣಿ ನೋಡಿಕೊಂಡು ಲೆನ್ನಿಯ ಜೋಕುಗಳನ್ನು ಕೋರ್ಟಿಗೆ ಒಪ್ಪಿಸಿದ್ದ. ತನ್ನ ಜೋಕನ್ನು ಇನ್ನೊಬ್ಬ ಕೆಡಿಸಿ ಹೇಳೋದನ್ನು ಕೇಳಿಕೊಂಡು ಕೂರೋದು. ನಾಲ್ಕು ತಿಂಗಳು ಇದಕ್ಕಿಂತ ಹಗುರ ಅನ್ಸುತ್ತೆ.

ಆಮೇಲೆ ಶುರುವಾಯ್ತು ನೋಡು ಎಡವಟ್ಟು. ಜೋಕಿಗೆ ಜನ ಬೈದರು, ಒಂದು ಜಾಹೀರಾತು ಕೈತಪ್ಪಿತು ಅಂತ ಗೋಳಾಡೋರನ್ನೂ ಲೆನ್ನಿಯನ್ನೂ ಒಂದೇ ಗೋಣಿಚೀಲಕ್ಕೆ ತುಂಬಿದ್ದಾರೆ. ಪೊಲೀಸು ಎಳಕೊಂಡು ಹೋಗೋದೂ, ಮುಂದಿನ ಸಾಲಿನ ಹೆಂಗಸು ನಗದೇ ಎದ್ದು ಹೋಗೋದೂ ಒಂದೇನಾ? 2021ರ ಜನವರಿ 1ಕ್ಕೆ ಇಂದೋರಿನಲ್ಲಿ ಕಾಮಿಡಿಯನ್ ಮುನಾವರ್ ಫಾರೂಕಿಯನ್ನು ಹಿಡಿದರಲ್ಲ, ಫೆಬ್ರವರಿ 5ಕ್ಕೆ ಸುಪ್ರೀಂ ಕೋರ್ಟು ಮಧ್ಯಂತರ ಜಾಮೀನು ಕೊಡೋವರೆಗೂ ಆತ ಒಳಗೆ. ಅದೇ ನವೆಂಬರಿನಲ್ಲಿ ಬೆಂಗಳೂರಿನ ಶೋ ರದ್ದು. ಅಂಥವರು ಗೋಳಾಡಿದರೆ ಕೂತು ಕೇಳಬಹುದು.

ಇನ್ನೊಂದು. ಅದರಲ್ಲಿ ಬರೋರೆಲ್ಲ ‘ನಾವು ಯಾರನ್ನೂ ಬಿಡಲ್ಲ, ಎಲ್ಲರನ್ನೂ ಆಡ್ಕೋತೀವಿ’ ಅಂತ ಎದೆ ಉಬ್ಬಿಸ್ತಾರೆ. ಕ್ಯಾಮೆರಾ ಮಾತ್ರ ಆಡಿಸಿಕೊಂಡವನ ಕಡೆ ತಿರುಗೋದೇ ಇಲ್ಲ. ನಮ್ಮ ತಿಪಟೂರಿನ ನರಸಿಂಹರಾಜು ಪರದೆ ಮೇಲೆ ಹಲ್ಲು ಬಿಟ್ಟರೆ ಸಾಕು, ಟಾಕೀಸು ಬಿದ್ದು ಬಿದ್ದು ನಗ್ತಿತ್ತು. ಆದರೆ ಹಲ್ಲೂ ಅವರದ್ದು, ಸಂಬಳವೂ ಅವರದ್ದು. ಸ್ಕೂಲಲ್ಲಿ ನನ್ನ ತೊದಲೋ ಗಂಟಲಿನ ಲಾಭ ಪೂರ್ತಿ ನಿಮ್ಮ ಬೆಂಚಿಗೆ ಹೋಯ್ತಲ್ಲೋ.

ತಮಾಷೆಗೆ ಅಂದೆ. ಅಂದಮೇಲೆ ಇದನ್ನೂ ಹೇಳಿಬಿಡ್ತೀನಿ. ಬೆಂಗಳೂರಿಂದ ಬರುವಾಗ ನಾನು ಯಾವಾಗಲೂ ಕ್ಯಾತ್ಸಂದ್ರದಲ್ಲೇ ಇಳೀತಿದ್ದೆ, ನೀವೆಲ್ಲ ‘ತಟ್ಟೆ ಇಡ್ಲಿ ಭಕ್ತ’ ಅಂತ ರೇಗಿಸ್ತಿದ್ರಿ. ಇಡ್ಲಿಗಲ್ಲ ಕಣೋ. ಕಂಡಕ್ಟರ್ ‘ಎಲ್ಲಿಗೆ?’ ಅಂತ ತಲೆ ಮೇಲೆ ನಿಂತರೆ ‘ತು’ ಆದಮೇಲೆ ಮುಂದಕ್ಕೆ ಹೋಗ್ತಾನೇ ಇರಲಿಲ್ಲ. ಹಿಂದಿನ ಸೀಟಿನವರು ಇಣುಕೋರು. ಕ್ಯಾತ್ಸಂದ್ರ ಅನ್ನೋದು ಸಲೀಸಾಗಿ ಬರೋದು. ಅಲ್ಲಿಳಿದು ಬಿ.ಎಚ್. ರಸ್ತೆ ಹಿಡಿದು, ಬಟವಾಡಿ ದಾಟಿ, ಮನೆವರೆಗೂ ನಡೀತಿದ್ದೆ. ಹುಟ್ಟಿದೂರು ತುಮಕೂರಿಗೆ ಟಿಕೆಟ್ ಕೇಳೋಕೆ ಆಗದೆ.

ಹತ್ತನೇ ಕ್ಲಾಸಿನ ಬೀಳ್ಕೊಡುಗೆಗೆ ಸ್ಟೇಜ್ ಮೇಲೆ ನೀನು ನನ್ನ ಹಾಗೆ ಮಾತಾಡಿ ತೋರಿಸಿದಾಗ ಮೇಷ್ಟ್ರುಗಳೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು. ವಿಡಿಯೋ ಇದ್ದಿದ್ದರೆ ಈ ಡಾಕ್ಯುಮೆಂಟರಿಯವರು ‘ನೋಡಿ, ಅವನೇ ನಗ್ತಿದಾನೆ’ ಅಂತ ಹಾಕ್ಕೋತಿದ್ರು.

ಆದರೆ ನಿದ್ದೆ ಕೆಡಿಸಿದ್ದು ಅದಲ್ಲ, ಬೇರೆ. ನೀನು ಅಣಕಿಸೋ ಮೊದಲು ನಾನು ಹೇಳೋದನ್ನ ಕೊನೇವರೆಗೂ ಕೇಳ್ತಿದ್ದೆ. ಮಿಮಿಕ್ರಿಗೆ ಸರಕು ಬೇಕಿತ್ತಲ್ಲ! ಈಗ ಆಫೀಸಲ್ಲಿ ಎಲ್ಲರೂ ಸಭ್ಯಸ್ಥರು, ಯಾರೂ ನಗಲ್ಲ. ನಾನು ತಡವರಿಸಿದ ತಕ್ಷಣ ಮಿಕ್ಕಿದ್ದನ್ನು ಅವರೇ ಹೇಳಿ ಮುಗಿಸಿ, ಗೋಡೆ ಕಡೆ ನೋಡ್ತಾರೆ. ಎಷ್ಟೋ ಸಲ ನಾನು ಹೇಳೋಕೆ ಹೊರಟಿದ್ದೇ ಬೇರೆ. ಸುಮ್ಮನೆ ‘ಹೂಂ’ ಅಂದುಬಿಡ್ತೀನಿ. ಹಾಗೆ ಹೂಂ ಅಂದು ಅಂದು ಈಗ ರಾಜ್ಯೋತ್ಸವ ಸಮಿತಿಯಲ್ಲಿದ್ದೀನಿ, ಅದೂ ನಿರೂಪಣೆ ಜವಾಬ್ದಾರಿ. ಈ ಸಭ್ಯತೆಗಿಂತ ನಿನ್ನ ಅಣಕವೇ ವಾಸಿ ಅಂತ ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೇ ಅಸಹ್ಯ ಆಯ್ತು. ಇಲ್ಲಿಂದ ಮುಂದೆ ನನಗೂ ದಾರಿ ಗೊತ್ತಿಲ್ಲ, ಆ ಡಾಕ್ಯುಮೆಂಟರಿಯವರಿಗಂತೂ ಇಂಥದ್ದೊಂದು ದಾರಿ ಇದೆ ಅಂತಲೇ ಗೊತ್ತಿಲ್ಲ.

ಸರಿ, ಅತಿ ಆಯ್ತು. ಓದ್ತಿರೋರು ದಯವಿಟ್ಟು ಕೈಮುಗಿಯೋ ಚಿತ್ರ ಕಳಿಸಬೇಡಿ. ನೀನೂ ಫೋನ್ ಮಾಡಿ ಸಾರಿ ಗೀರಿ ಅಂದ್ರೆ ಕಟ್ ಮಾಡ್ತೀನಿ. ಮಾಡೋ ಹಾಗಿದ್ರೆ ನವೆಂಬರಿನಲ್ಲಿ ಬಂದು ಮುಂದಿನ ಸಾಲಲ್ಲಿ ಕೂತ್ಕೋ, ಸ್ವಾಗತ ಭಾಷಣ ಎಷ್ಟು ಹೊತ್ತು ಎಳೆದರೂ ಎದ್ದು ಹೋಗೋ ಹಾಗಿಲ್ಲ. ಅತಿಥಿಗಳು ಊಟ ಕಟ್ಟಿಸಿಕೊಂಡು ಬರೋದು ಒಳ್ಳೇದು.

ಇಂತಿ,
ತುತ್ತೂರಿ

ತಾ.ಕ.: ಕ್ಯಾತ್ಸಂದ್ರದಲ್ಲಿ ಇಳಿದಮೇಲೆ ಇಡ್ಲಿ ತಿನ್ನದೇ ಏನೂ ಬರ್ತಿರಲಿಲ್ಲ. ಅಷ್ಟೆಲ್ಲ ದುಃಖ ಇರಲಿಲ್ಲ.